ಒಂದೂ ಕಾಫಿ ಗಿಡವಿಲ್ಲದ ಲಂಡನ್ ನಮ್ಮ ಕಾಫಿಗೆ ಬೆಲೆ ಕಟ್ಟುವುದು ಹೇಗೆ? ಒಂದು ಊರಿನ ಕೈ ಇಷ್ಟು ಉದ್ದವಾಗುವುದು ಯಾವುದರಿಂದ?

ಕಣದಮನೆ (ಮೂಡಿಗೆರೆ, ಈಗ ಬೆಂಗಳೂರು)

ಮಾರ್ಚ್ ಕೊನೆಯ ಭಾನುವಾರ ಕಳೆದರೆ ನಮ್ಮಪ್ಪ ರಾತ್ರಿ ಒಂದು ಗಂಟೆ ಬೇಗ ಮಲಗುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಕಳೆದರೆ ಮತ್ತೆ ಒಂದು ಗಂಟೆ ತಡ. ಲಂಡನ್ನಿನವರು ಗಡಿಯಾರದ ಮುಳ್ಳು ತಿರುಗಿಸುವ ದಿನಗಳು ಅವು. ರೋಬಸ್ಟಾ ಜಾತಿಯ ಕಾಫಿಗೆ ಬೆಲೆ ಹುಟ್ಟುವ ಲಂಡನ್ ಟರ್ಮಿನಲ್ (ಮುಂದಿನ ತಿಂಗಳುಗಳ ಕಾಫಿಗೆ ಈಗಲೇ ಬೆಲೆ ಮಾತಾಡುವ ಮಾರುಕಟ್ಟೆ) ಅಲ್ಲಿಯ ಸಂಜೆ ಐದೂವರೆಗೆ ಮುಚ್ಚುತ್ತದೆ. ಅವರ ಬೇಸಿಗೆಯಲ್ಲಿ ನಮಗದು ರಾತ್ರಿ 10, ಚಳಿಗಾಲದಲ್ಲಿ 11. ಕೊನೆಯ ಅಂಕಿ ನೋಡದೆ ಅಪ್ಪ ದೀಪ ಆರಿಸುವುದಿಲ್ಲ.

ಕುಯ್ಲಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಕಣದ ತುಂಬ ಚೆರ್ರಿ, ಒಣಗಲು ಹರವಿದ ಕಾಫಿ ಹಣ್ಣು. ಸಂಜೆ ಗುಡ್ಡೆ ಮಾಡಿಸಿ, ಟಾರ್ಪಾಲು ಹೊದಿಸಿ, ಊಟ ಮುಗಿಸಿ ಅಪ್ಪ ಜಗುಲಿಯಲ್ಲಿ ಫೋನ್ ಹಿಡಿದು ಕೂತರು. ಅಕ್ಕನ ಮಗ ಪಕ್ಕದಲ್ಲಿ ಕೂತು ಕೇಳಿದ: "ತಾತ, ಲಂಡನ್ನಲ್ಲಿ ಎಷ್ಟು ಎಕರೆ ಕಾಫಿ ಇದೆ?" ಒಂದು ಗಿಡವೂ ಇಲ್ಲ ಕಣೋ ಅಂದರು ಅಪ್ಪ. "ಮತ್ತೆ ಅವರನ್ನ ಯಾಕೆ ಕೇಳ್ಬೇಕು?" ಅದಕ್ಕೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆವತ್ತಿನಿಂದ ಆ ಪ್ರಶ್ನೆ ತಲೆಯೊಳಗೆ ಕೂತಿದೆ.

ಇದು ಸುಮ್ಮನೆ ಕುತೂಹಲವಲ್ಲ. 2001ರ ಸುಮಾರಿಗೆ ವಿಯೆಟ್ನಾಂ ಕಾಫಿ ಹೊಳೆಯ ಹಾಗೆ ಮಾರುಕಟ್ಟೆಗೆ ಹರಿದಾಗ ಆ ಅಂಕಿ ಟನ್ನಿಗೆ 500 ಡಾಲರಿಗಿಂತ ಕೆಳಗಿಳಿದಿತ್ತು. ನಮ್ಮನೆಯಲ್ಲಿ ಆ ವರ್ಷ ಕುಯ್ಲಿನ ಕೂಲಿಯೂ ಹುಟ್ಟಲಿಲ್ಲ, ಅಮ್ಮನ ಬಳೆ ಬ್ಯಾಂಕಿಗೆ ಹೋಯಿತು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿದ್ದಾಗ ಅದೇ ಅಂಕಿ 5,000 ದಾಟಿತು. ಎರಡೂ ಸಲ ನಮ್ಮ ಗಿಡ ಅವೇ, ಮಣ್ಣು ಅದೇ. ಮೊದಲು ಕಾಫಿ ಮಂಡಳಿಯ ಪೂಲಿಂಗ್ (ಬೆಳೆಗಾರರ ಕಾಫಿಯನ್ನೆಲ್ಲ ಮಂಡಳಿಯೇ ಕೂಡಿಸಿ ಮಾರುವ ಪದ್ಧತಿ) ಇದ್ದಾಗ ದುಡ್ಡು, ಬೆಲೆ ಎರಡೂ ಬೆಂಗಳೂರಿನಿಂದ ಬರುತ್ತಿದ್ದವು. 1996ರಲ್ಲಿ ಅದು ಪೂರ್ತಿ ಹೋದ ಮೇಲೆ ಲಂಡನ್ ನೇರವಾಗಿ ನಮ್ಮ ಜಗುಲಿಗೇ ಬಂತು. (ಅರೇಬಿಕಾ ಇರುವವರಿಗೆ ನ್ಯೂಯಾರ್ಕ್. ಕಥೆ ಅದೇ.)

ಪ್ರಪಂಚದ ಪ್ರಭಾವಿ ನಗರಗಳ ಪಟ್ಟಿಗಳನ್ನು ಹುಡುಕಿ ಓದಿದೆ. ಹೆಚ್ಚು ಹೆಸರಿರುವ ಒಂದು ಪಟ್ಟಿಯ ಅತಿ ಮೇಲಿನ ದರ್ಜೆಯಲ್ಲಿ ಲಂಡನ್, ನ್ಯೂಯಾರ್ಕ್ ಎರಡೇ. ಕಾನೂನು, ಲೆಕ್ಕಪರಿಶೋಧನೆ, ಬ್ಯಾಂಕು, ಜಾಹೀರಾತು ಕಂಪನಿಗಳ ಕಚೇರಿಗಳು ಎಲ್ಲೆಲ್ಲಿವೆ ಎಂದು ಎಣಿಸಿ ಮಾಡಿದ ಪಟ್ಟಿ ಅದು. ನನಗೆ ಸಾಲಲಿಲ್ಲ. ನನ್ನ ಅಳತೆ ಬೇರೆ: ಆ ಊರನ್ನು ಎಂದೂ ನೋಡದವನ ದಿನಚರಿಯೊಳಗೆ ಆ ಊರು ಎಷ್ಟು ಹೊಕ್ಕಿದೆ? ತಿಳಿದವರು ಹೇಳಿ.

ನಾಲ್ಕನೇಬ್ಲಾಕ್

ಇದರಲ್ಲಿ ಒಗಟೇನಿದೆ ಮೇಡಂ? ನೌಕಾಪಡೆ ಇದ್ದವನು, ದುಡ್ಡಿದ್ದವನು ಬೆಲೆ ಕಟ್ಟುತ್ತಾನೆ. ಬ್ರಿಟಿಷರು ಇನ್ನೂರು ವರ್ಷ ಲೂಟಿ ಹೊಡೆದರು, ಆ ಗಂಟಿನ ಮೇಲೆ ಇನ್ನೂ ಕೂತಿದ್ದಾರೆ. ನಾಳೆ ಶಾಂಘೈ ಹತ್ತಿರ ಜಾಸ್ತಿ ದುಡ್ಡಾದರೆ ನಿಮ್ಮ ತಂದೆಯವರು ಶಾಂಘೈ ರೇಟು ನೋಡುತ್ತಾರೆ. ಅಷ್ಟೇ.

ಥೇಮ್ಸ್‌ದಂಡೆ (ತೀರ್ಥಹಳ್ಳಿ, ಈಗ ಲಂಡನ್)

ಹದಿನಾಲ್ಕು ವರ್ಷದಿಂದ ಇಲ್ಲಿ ಹಡಗು ವಿಮೆಯ ಕೆಲಸದಲ್ಲಿದ್ದೇನೆ. ನಾಲ್ಕನೇ ಬ್ಲಾಕಿನವರ ಮಾತು ಅರ್ಧ ಸರಿ. ಉಳಿದ ಅರ್ಧವೇ ನನಗೆ ಮುಖ್ಯ ಅನಿಸುತ್ತದೆ.

ನಿಮ್ಮ ತಂದೆಯವರು ನೋಡುವ ಲಂಡನ್ ಟರ್ಮಿನಲ್ಲಿನ ಮಾಲೀಕರು 2013ರಿಂದ ಅಮೆರಿಕದ ಕಂಪನಿ. ತಾಮ್ರ, ಅಲ್ಯೂಮಿನಿಯಂಗೆ ಬೆಲೆ ಕಟ್ಟುವ ಲಂಡನ್ ಲೋಹ ವಿನಿಮಯ ಕೇಂದ್ರವನ್ನು 2012ರಲ್ಲಿ ಹಾಂಗ್‌ಕಾಂಗಿನವರು ಕೊಂಡರು. ಹಡಗು ಬಾಡಿಗೆಯ ಸೂಚ್ಯಂಕ ಹೊರಡಿಸುವ ಬಾಲ್ಟಿಕ್ ಎಕ್ಸ್‌ಚೇಂಜ್ 2016ರಿಂದ ಸಿಂಗಪುರದವರದು. ದುಡ್ಡೇ ಎಲ್ಲ ಆಗಿದ್ದರೆ ಮೂರೂ ಗಂಟುಮೂಟೆ ಕಟ್ಟಿಕೊಂಡು ಮಾಲೀಕರ ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೊಂಡವರಿಗೆ ಬೇಕಾಗಿದ್ದೇ 'ಲಂಡನ್' ಅನ್ನುವ ಆ ಹೆಸರಿನ ಹಿಂದಿರುವ ನಂಬಿಕೆ.

ಆ ನಂಬಿಕೆ ಎಂಥದ್ದು ಅಂದರೆ, ರೋಬಸ್ಟಾದ ಒಂದು ಲಾಟು 10 ಟನ್. ಯಾವ ದರ್ಜೆಯ ಬೀಜ, ಎಷ್ಟು ಕಪ್ಪು ಕಾಳು ಇದ್ದರೆ ಎಷ್ಟು ಕಡಿತ, ಯಾವ ಬಂದರಿನ ಯಾವ ಗೋದಾಮಿಗೆ ಯಾವ ತಿಂಗಳು ತಲುಪಿಸಬೇಕು, ತಲುಪಿಸದಿದ್ದರೆ ಏನು, ಎಲ್ಲವೂ ಮೊದಲೇ ಬರೆದಿದೆ. ಕಾಫಿ ಇರುವುದು ಆ್ಯಂಟ್‌ವರ್ಪ್‌ನಂಥ ಬಂದರಿನಲ್ಲಿ, ಮಾರುವವನು ವಿಯೆಟ್ನಾಂನವನು, ಕೊಳ್ಳುವವನು ಇಟಲಿಯವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಡುವೆ ಯಾರೂ ಕೈ ಎತ್ತುವುದಿಲ್ಲ ಅನ್ನುವ ಭರವಸೆ ಮಾತ್ರ ಲಂಡನ್ನಿನದು. ಸಾವಿರಾರು ಜನ ಆ ಭರವಸೆಯ ಮೇಲೆ ಪ್ರತಿ ನಿಮಿಷ ಕೊಡುವ-ಕೊಳ್ಳುವ ಮಾತಾಡುವುದರಿಂದ ಒಂದು ಅಂಕಿ ಹುಟ್ಟುತ್ತದೆ. ಅದನ್ನು ಯಾರೋ ಕುರ್ಚಿಯಲ್ಲಿ ಕೂತು ಬರೆಯುವುದಲ್ಲ.

ಇದರ ಬೇರು ಹುಡುಕಿಕೊಂಡು ಹೋದರೆ ಮತ್ತೆ ಕಾಫಿಗೇ ಬರುತ್ತೇವೆ, ನಿಮ್ಮ ಅಕ್ಕನ ಮಗನಿಗೆ ಇದು ಇಷ್ಟ ಆಗಬಹುದು. ಟವರ್ ಸ್ಟ್ರೀಟ್‌ನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿ ಇತ್ತು. ಅದರ ಮೊದಲ ಉಲ್ಲೇಖ ಸಿಗುವುದು 1688ರ ಹೊತ್ತಿಗೆ. ಹಡಗಿನ ಕ್ಯಾಪ್ಟನ್ನರು, ಸರಕಿನ ಸಾಹುಕಾರರು ಅಲ್ಲಿ ಕೂರುತ್ತಿದ್ದರು. ಯಾವ ಹಡಗು ಎಲ್ಲಿ ಮುಳುಗಿತು, ಯಾವುದು ಬಂದರು ಸೇರಿತು ಅನ್ನುವ ಸುದ್ದಿ ಮೊದಲು ಅಲ್ಲಿಗೆ ಬರುತ್ತಿತ್ತು. ಸುದ್ದಿ ಎಲ್ಲಿ ಮೊದಲು ಬರುತ್ತದೋ ಅಲ್ಲಿ ಪಣ ಒಡ್ಡುವವರು ಸೇರುತ್ತಾರೆ. ವಿಮೆ ಪತ್ರದ ಕೆಳಗೆ ತಮ್ಮ ಹೆಸರು, ತಾವು ಹೊರುವ ಪಾಲು ಬರೆದರು. ಇವತ್ತು ನಾನು ಕೆಲಸ ಮಾಡುವ ಲಾಯ್ಡ್ಸ್ ಮಾರುಕಟ್ಟೆ ಹುಟ್ಟಿದ್ದು ಹಾಗೆ. ಬಾಲ್ಟಿಕ್ ಎಕ್ಸ್‌ಚೇಂಜ್ ಕೂಡ 1744ರಲ್ಲಿ ಇನ್ನೊಂದು ಕಾಫಿ ಅಂಗಡಿಯಲ್ಲೇ ಶುರುವಾದದ್ದು. ಕಾಫಿ ಬೆಳೆಯದಿದ್ದರೂ ಕಾಫಿ ಕುಡಿಯುತ್ತ ಕೂತ ಜಾಗದಲ್ಲಿ ಸುದ್ದಿ, ಲೆಕ್ಕ, ಮಾತಿಗೆ ತಪ್ಪದ ಪದ್ಧತಿ ಮೂರೂ ಒಂದೇ ಕಡೆ ಸೇರಿದವು.

ಕಡಲಮಗ (ಮಂಗಳೂರು)

ಥೇಮ್ಸ್‌ದಂಡೆಯವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ಅದೇ ಕಾಫಿ ಅಂಗಡಿಯ ಮೇಜಿನ ಮೇಲೆ ಆಫ್ರಿಕಾದಿಂದ ಮನುಷ್ಯರನ್ನು ಸರಪಳಿ ಹಾಕಿ ಸಾಗಿಸಿದ ಹಡಗುಗಳಿಗೂ ವಿಮೆ ಬರೆದರು. 2020ರಲ್ಲಿ ಲಾಯ್ಡ್ಸ್‌ನವರೇ ಅದಕ್ಕೆ ಕ್ಷಮೆ ಕೇಳಿದ್ದಾರೆ. 'ಮಾತಿಗೆ ತಪ್ಪದ ಪದ್ಧತಿ' ಅನ್ನುವಾಗ ಆ ಮಾತು ಯಾರ ಯಾರ ನಡುವೆ ನಡೆಯಿತು, ಯಾರನ್ನು ಸರಕಿನ ಪಟ್ಟಿಗೆ ಸೇರಿಸಿತು ಅನ್ನುವುದನ್ನೂ ಹೇಳಬೇಕು.

ಥೇಮ್ಸ್‌ದಂಡೆ

ಹೇಳಲೇಬೇಕಿತ್ತು. ನನ್ನ ತಪ್ಪು.

ಗಿರಣಿಚಾಳ (ಹುಬ್ಬಳ್ಳಿ)

ನಮ್ ಕಡೆ ಇದು ಹೊಸಾದ್ ಅಲ್ರೀ. ನಿಮಗ ಲಂಡನ್ ಇದ್ಹಂಗ ನಮ್ಮ ಹಿರ್ಯಾರಿಗೆ ಲಿವರ್‌ಪೂಲ್ ಇತ್ತು. ಧಾರವಾಡ ಸೀಮಿ ಕರೀ ನೆಲದಾಗ 1840ರ ಸುಮಾರಿಗೆ ಅಮೇರಿಕಾದ ಹತ್ತಿ ತಳಿ ತಂದು ಹಚ್ಚಿದ್ರು. ಅದನ್ನ ಗರಗಸದ ಜಿನ್ನಿನ್ಯಾಗ ಬೀಜಾ ಬಿಡಿಸಿ ಕಳಸ್ತಿದ್ರು. ಅಲ್ಲಿ ದಲಾಲರ ಪಟ್ಟಿಯೊಳಗ ಅದಕ್ಕ ಧಾರವಾಡದ ಹೆಸರಿನ್ಯಾಗ ಒಂದು ಬ್ಯಾರೆ ದರ್ಜಾನ ಇತ್ತು. 1861ಕ್ಕ ಅಮೇರಿಕಾದಾಗ ಅಂತರ್ಯುದ್ಧ ಶುರು ಆತು, ಅಲ್ಲಿಂದ ಹತ್ತಿ ಬರೂದು ನಿಂತು ಲ್ಯಾಂಕಾಶೈರ್ ಗಿರಣಿ ಉಪಾಸ ಬಿದ್ವು. ಆವಾಗ ನಮ್ಮ ಹತ್ತಿಗೆ ಬಂಗಾರದ ಬೆಲಿ. 1865ಕ್ಕ ಯುದ್ಧ ಮುಗೀತು, ಬೆಲಿ ಧೊಪ್ ಅಂತ ಬಿತ್ತು. ಎಲ್ಲೋ ಗುಂಡು ಹಾರಿದ್ರ ಇಲ್ಲಿ ರೊಕ್ಕ, ಅಲ್ಲಿ ಗುಂಡು ನಿಂತ್ರ ಇಲ್ಲಿ ಸಾಲ.

ಇನ್ನೊಂದ್ ಮಾತು ಭಾಳ ಮಂದಿಗೆ ಗೊತ್ತಿಲ್ಲ. ಉತ್ತರ ಕನ್ನಡ ಜಿಲ್ಲಾನ್ನ 1862ರಾಗ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕ ಸೇರಿಸಿದ್ರಲ್ಲ, ಅದರ ಹಿಂದ ಮ್ಯಾಂಚೆಸ್ಟರ್ ಹತ್ತಿ ಸಾಹುಕಾರರ ಒತ್ತಾಯ ಇತ್ತು. ಧಾರವಾಡದ ಹತ್ತಿ ಕಾರವಾರ ಬಂದರಿನಿಂದ ಹಡಗ ಹತ್ತಬೇಕು, ಎರಡೂ ಒಂದ ಸರಕಾರದ ಕೈಯಾಗ ಇರಬೇಕು ಅಂತ. ಸಾವಿರಾರು ಮೈಲಿ ಆಚೆ ಇರೋ ಊರಿನ ಗಿರಣಿಗೋಸ್ಕರ ನಮ್ಮ ಜಿಲ್ಲಾದ ಗಡಿ ಸರೀತು. ಕಣದಮನಿ ಅಕ್ಕಾರು ಕೇಳಿದ ಅಳತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಏನ್ ಬೇಕ್ರೀ?

ಲ್ಯಾಂಕಾಶೈರ್ ಗಿರಣಿ ಈಗಿಲ್ಲ. ಆದ್ರ ಹತ್ತಿ ವ್ಯಾಪಾರದ ಕರಾರಿನ ನಿಯಮ ಇವತ್ತಿಗೂ ಲಿವರ್‌ಪೂಲಿಂದ. ಜಗತ್ತಿನ್ಯಾಗ ದೇಶ ದೇಶದ ನಡುವ ಮಾರೋ ಹತ್ತಿಯೊಳಗ ಹೆಚ್ಚಿನ ಪಾಲು ಅಲ್ಲಿನ ಇಂಟರ್‌ನ್ಯಾಷನಲ್ ಕಾಟನ್ ಅಸೋಸಿಯೇಷನ್ ನಿಯಮದ ಮ್ಯಾಲೆ ನಡೀತೈತಿ. ಜಗಳ ಬಂದ್ರ ನ್ಯಾಯ ಅಲ್ಲೇ. ನನ್ನ ಅಜ್ಜ ಕೆಲಸ ಮಾಡಿದ ಗಿರಣಿ ಮುಚ್ಚಿ, ಅವನ ಜೋಡಿ ದುಡದವರ ಮನಿಗೋಳು ಹಾಳಾದ್ವು. ಆ ಕರಾರಿನ ಹಾಳಿ ಮಾತ್ರ ಹಂಗ ಐತಿ.

ನಾಲ್ಕನೇಬ್ಲಾಕ್

ಉತ್ತರ ಕನ್ನಡದ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಇದು ನನ್ನ ಮಾತಿಗೇ ಪುಷ್ಟಿ ಅಲ್ಲವೇ? ಗಡಿ ಸರಿಸಿದ್ದು ಅಧಿಕಾರ. ವ್ಯಾಪಾರದ ನಂಬಿಕೆ ಅಲ್ಲ.

ಪಂಚಾಂಗದಮನೆ (ಸಾಗರ)

ಅಧಿಕಾರ ಮೊದಲೋ, ಬಳಕೆ ಮೊದಲೋ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಪ್ರಪಂಚದ ಗಡಿಯಾರಗಳೆಲ್ಲ ಲಂಡನ್ನಿನ ಗ್ರೀನಿಚ್ ಲೆಕ್ಕಕ್ಕೆ ನಡೆಯುತ್ತವೆ. ನಮ್ಮದು ಅಲ್ಲಿಂದ ಐದೂವರೆ ಗಂಟೆ ಮುಂದೆ. ಸೊನ್ನೆ ರೇಖೆಯನ್ನು ಬ್ರಿಟಿಷರು ಬಲವಂತವಾಗಿ ಹೇರಿದರು ಎಂದು ನಾನೂ ಬಹಳ ಕಾಲ ನಂಬಿದ್ದೆ. 1884ರಲ್ಲಿ ಅದನ್ನು ತೀರ್ಮಾನಿಸಿದ ಸಭೆ ಸೇರಿದ್ದು ಲಂಡನ್ನಿನಲ್ಲಿ ಅಲ್ಲ, ವಾಷಿಂಗ್ಟನ್ನಿನಲ್ಲಿ. 25 ದೇಶಗಳು ಬಂದಿದ್ದವು. ಗ್ರೀನಿಚ್ ಪರವಾಗಿ ತೂಗಿದ ಮುಖ್ಯ ವಾದ ಇದು: ಪ್ರಪಂಚದ ಹಡಗು ಸಾಗಣೆಯ 72 ಶೇಕಡಾದಷ್ಟು ಆಗಲೇ ಗ್ರೀನಿಚ್ ಲೆಕ್ಕದ ನಕಾಶೆ ಇಟ್ಟುಕೊಂಡು ಓಡಾಡುತ್ತಿತ್ತು. ಯಾಕೆ ಅಂದರೆ 1767ನೇ ವರ್ಷದಿಂದ ಗ್ರೀನಿಚ್ ಲೆಕ್ಕದಲ್ಲಿ ವರ್ಷ ವರ್ಷವೂ ನಾವಿಕರ ಪಂಚಾಂಗ ಬರುತ್ತಿತ್ತು. ಚಂದ್ರ ಯಾವ ದಿನ ಯಾವ ಗಂಟೆಗೆ ಯಾವ ನಕ್ಷತ್ರದಿಂದ ಎಷ್ಟು ದೂರ ಎನ್ನುವ ಕೋಷ್ಟಕ. ನಡುಸಮುದ್ರದಲ್ಲಿ ದಿಕ್ಕುಗೆಟ್ಟವನಿಗೆ ಅದು ದಾರಿ ತೋರಿಸುತ್ತಿತ್ತು. ಯಾವ ದೇಶದ ನಾವಿಕನಾದರೂ ಕೊಂಡು ಬಳಸಬಹುದಿತ್ತು. ಎಷ್ಟೋ ರಾತ್ರಿ ಆಕಾಶ ನೋಡಿ ಲೆಕ್ಕ ತಪ್ಪದೆ ಬರೆದಿಟ್ಟ ದುಡಿಮೆ ಅದು. ಸಭೆ ಮಾಡಿದ್ದು, ಆಗಲೇ ನಡೆದಿದ್ದಕ್ಕೆ ಮುದ್ರೆ ಒತ್ತುವ ಕೆಲಸ. ಫ್ರಾನ್ಸ್ ಒಪ್ಪದೆ 1911ರವರೆಗೂ ತನ್ನ ಪ್ಯಾರಿಸ್ ಸಮಯವನ್ನೇ ಹಿಡಿದು ಕೂತಿತು. ಕೊನೆಗೆ 'ಪ್ಯಾರಿಸ್ ಸಮಯಕ್ಕೆ 9 ನಿಮಿಷ 21 ಸೆಕೆಂಡು ಹಿಂದೆ' ಎಂದು, ಗ್ರೀನಿಚ್ ಹೆಸರು ಎತ್ತದೆ, ಕಾನೂನು ಬರೆದುಕೊಂಡಿತು.

ಈಗ ನಮ್ಮ ಕಡೆಗೆ ಬನ್ನಿ. ನಮ್ಮನೆಯಲ್ಲಿ ಮೂರು ತಲೆಮಾರು ಪಂಚಾಂಗದ ಲೆಕ್ಕ ಹಾಕಿದ್ದಾರೆ. ಸೂರ್ಯಸಿದ್ಧಾಂತದ ಪ್ರಕಾರ ಸೊನ್ನೆ ರೇಖೆ ಲಂಕೆಯಿಂದ ಉಜ್ಜಯಿನಿ, ಕುರುಕ್ಷೇತ್ರದ ಮೇಲೆ ಹಾದು ಮೇರುವಿಗೆ ಹೋಗುತ್ತದೆ. ನಿಮ್ಮ ಊರು ಆ ರೇಖೆಯಿಂದ ಎಷ್ಟು ಪೂರ್ವಕ್ಕಿದೆ, ಎಷ್ಟು ಪಶ್ಚಿಮಕ್ಕಿದೆ ಎಂದು ದೇಶಾಂತರ ಸಂಸ್ಕಾರ ಮಾಡಿಯೇ ತಿಥಿ ಹೇಳಬೇಕು. ಉಜ್ಜಯಿನಿಯ ರಾಜರು ಹೋದರು, ರಾಜ್ಯಗಳು ಅಳಿದವು. ಆದರೂ ಶತಮಾನಗಟ್ಟಲೆ ಉಜ್ಜಯಿನಿಯನ್ನು ಕನಸಿನಲ್ಲೂ ಕಾಣದ ಜೋಯಿಸರು ಅದರ ಸಮಯದಿಂದಲೇ ಎಣಿಸಿದರು. ಅರಬರು ಆ ಹೆಸರನ್ನು ತಮ್ಮ ಖಗೋಳ ಗ್ರಂಥಗಳಿಗೆ ಒಯ್ದರು, ಬರೆಯುತ್ತ ಬರೆಯುತ್ತ ಅದು 'ಅರಿನ್' ಆಯಿತು, ಅಲ್ಲಿಂದ ಯುರೋಪಿನ ಲ್ಯಾಟಿನ್ ಕೋಷ್ಟಕಗಳಿಗೂ ಹೋಯಿತು. ಕತ್ತಿ ಹಿಡಿದು ಯಾರೂ ಅದನ್ನು ಒಯ್ಯಲಿಲ್ಲ. ಲೆಕ್ಕ ಸರಿಬರುತ್ತಿತ್ತು, ಅದಕ್ಕೆ ಹೋಯಿತು.

ಕಣದಮನೆಯವರಿಗೆ ಒಂದು ಸಂತೋಷದ ವಿಷಯ. ಚಿಕ್ಕಮಗಳೂರು ಹೆಚ್ಚುಕಡಿಮೆ ಉಜ್ಜಯಿನಿಯ ರೇಖೆಯ ಮೇಲೇ ಇದೆ, ಎರಡರ ರೇಖಾಂಶವೂ 75.8 ಡಿಗ್ರಿಯ ಆಸುಪಾಸು. ಹಳೆಯ ಲೆಕ್ಕದಲ್ಲಿ ನಿಮ್ಮ ಜಿಲ್ಲೆಗೆ ದೇಶಾಂತರ ಸಂಸ್ಕಾರವೇ ಬೇಡ.

ಕಣದಮನೆ

ಮೇಷ್ಟ್ರೇ, ಇದನ್ನು ಅಪ್ಪನಿಗೆ ಫೋನಿನಲ್ಲೇ ಓದಿ ಹೇಳಿದೆ. "ಹಾಗಾದರೆ ಒಂದು ಕಾಲದಲ್ಲಿ ಸೊನ್ನೆ ನಮ್ಮ ಮನೆ ಮೇಲೇ ಇತ್ತು" ಅಂದರು. ಬಹಳ ಹೊತ್ತು ಸುಮ್ಮನಿದ್ದರು.

ರಾಶಿಇಡಿ (ಶಿವಮೊಗ್ಗ)

ಅಷ್ಟು ದೂರ ಯಾಕೆ. ಅಡಿಕೆ ಬೆಳೆಗಾರರನ್ನು ಕೇಳಿ. ಚನ್ನಗಿರಿಯವರು, ತರೀಕೆರೆಯವರು ಬೆಳಿಗ್ಗೆ ಎದ್ದು ಶಿವಮೊಗ್ಗದ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ರೇಟು ಏನು ಅಂತ ನೋಡುತ್ತಾರೆ. ಕರಾವಳಿಯ ಚಾಲಿಗೆ (ಬಿಸಿಲಲ್ಲಿ ಒಣಗಿಸಿದ ಬಿಳಿ ಅಡಿಕೆ) ಮಂಗಳೂರು, 1973ರಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಮೇಲಂತೂ ಅದರ ರೇಟೇ ಎಲ್ಲರಿಗೂ ಆಧಾರ. ಘಟ್ಟದ ಮೇಲೆ ಶಿರಸಿ. ಇವು ಅಡಿಕೆಯ ಲಂಡನ್‌ಗಳು. ತೂಕ ಸರಿ, ರಾಶಿ-ಬೆಟ್ಟೆ-ಸರಕು-ಗೊರಬಲು ಅಂತ ವಿಂಗಡಣೆ ಸರಿ, ಟೆಂಡರ್ ಎಲ್ಲರ ಎದುರಿಗೆ, ದುಡ್ಡು ಹೇಳಿದ ದಿನಕ್ಕೆ. ಅಷ್ಟಿದ್ದರೆ ರೈತ ಹತ್ತಿರದ ಸಂತೆ ಬಿಟ್ಟು ದೂರದ ಮಂಡಿಗೆ ಗಾಡಿ ಹೂಡುತ್ತಾನೆ.

ಕಡಲಮಗ

ನಾನು ಬಂದರಿನ ಕಡೆಯಿಂದ ಹೇಳುತ್ತೇನೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್ನಿನ ಹೂಥಿ ಬಂಡುಕೋರರ ದಾಳಿ ಶುರುವಾಯಿತು. ಯಾವ ಸಮುದ್ರ ಅಪಾಯದ್ದು ಎಂದು ಗುರುತು ಹಾಕುವ ಒಂದು ಸಮಿತಿ ಲಂಡನ್ನಿನ ವಿಮೆದಾರರಲ್ಲಿ ಇದೆ. ಅವರ ಪಟ್ಟಿಯಲ್ಲಿ ಹೆಸರಿದ್ದ ನೀರಿಗೆ ಹೋಗಬೇಕಾದರೆ ಯುದ್ಧ ವಿಮೆಯ ಕಂತು ಬೇರೆ ಕಟ್ಟಬೇಕು. ಆ ಕಂತು ಏರುತ್ತ ಹೋದ ಹಾಗೆ ಹಡಗಿನವರು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದರು. ಹತ್ತು-ಹದಿನಾಲ್ಕು ದಿನ ಹೆಚ್ಚು. ಕಂಟೇನರ್ ಸಿಗಲಿಲ್ಲ, ಬಾಡಿಗೆ ಏರಿತು, ಕಾಫಿ ಗೋದಾಮಿನಲ್ಲಿ ಉಳಿಯಿತು. ನಮ್ಮಲ್ಲಿ ಲೋಡಿಂಗ್ ಮಾಡುವ ಹುಡುಗರಿಗೆ ಆ ವಾರಗಳಲ್ಲಿ ಕೆಲಸ ಇರಲಿಲ್ಲ. ಗುಂಡು ಹಾರಿದ್ದು ಯೆಮೆನ್ ತೀರದಲ್ಲಿ, ಲೆಕ್ಕ ಹಾಕಿದ್ದು ಲಂಡನ್ನಿನಲ್ಲಿ, ಕೂಲಿ ಹೋದದ್ದು ಪಣಂಬೂರಿನಲ್ಲಿ.

ಹಳೆಯವರು ಒಂದು ಮಾತು ಹೇಳುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ನಮ್ಮ ಕಾಫಿ ಇದೇ ಆಫ್ರಿಕಾ ದಾರಿಯಲ್ಲಿ ತಿಂಗಳುಗಟ್ಟಲೆ ಹೋಗುತ್ತಿತ್ತು. ಕಡಲ ತೇವ ಕುಡಿದು ಬೀಜ ಉಬ್ಬಿ ಹಳದಿಯಾಗುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಹಿಡಿದುಹೋಯಿತು. ಕಾಲುವೆ ಬಂದು ಪಯಣ ಚಿಕ್ಕದಾದ ಮೇಲೆ, ಕಾಫಿಯನ್ನು ಕರಾವಳಿಯ ಮಳೆಗಾಳಿಗೆ ಬೇಕೆಂದೇ ಹರವಿ ಅದೇ ರುಚಿ ತರಿಸುವುದನ್ನು ನಮ್ಮವರು ಕಲಿತರು. ಮಾನ್ಸೂನ್ಡ್ ಮಲಬಾರ್ ಅಂತ ಈಗಲೂ ಮಂಗಳೂರಿನಿಂದ ಹೋಗುತ್ತದೆ. ದೂರದ ಊರಿನ ನಾಲಿಗೆಯೂ ನಮ್ಮ ಕೆಲಸವನ್ನು ತಿದ್ದುತ್ತದೆ ಅನ್ನುವುದಕ್ಕೆ ಹೇಳಿದೆ.

ಕಣದಮನೆ

ಯೆಮೆನ್ ಅಂದಿರಿ, ಅದೇ ತೀರದ ಇನ್ನೊಂದು ಊರು ನೆನಪಾಯಿತು. ನಾನು ಈ ವಾರ ಹೆಚ್ಚು ಓದಿದ್ದು ಅದರ ಬಗ್ಗೆಯೇ.

ಮೋಕಾ. 17ನೇ ಶತಮಾನದಲ್ಲಿ ಕಾಫಿ ಬೇಕು ಅಂದರೆ ಪ್ರಪಂಚ ಆ ಬಂದರಿಗೆ ಹೋಗಬೇಕಿತ್ತು. ಡಚ್ಚರು, ಇಂಗ್ಲಿಷರು, ಗುಜರಾತಿನ ವ್ಯಾಪಾರಿಗಳು ಎಲ್ಲರೂ ಅಲ್ಲಿ. ಬಾಬಾ ಬುಡನ್ ಅಲ್ಲಿಂದಲೇ ಏಳು ಬೀಜ ತಂದು ನಮ್ಮ ಗಿರಿಯ ಮೇಲೆ ಊರಿದರು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಐತಿಹ್ಯ. ಇವತ್ತು ಮೋಕಾ ಒಂದು ಸಣ್ಣ ಊರು. ಹೆಸರು ಮಾತ್ರ ಹೋಟೆಲಿನ ಮೆನುವಿನಲ್ಲಿ ಉಳಿದಿದೆ. ಯಾಕೆ ಹೀಗಾಯಿತು? ಅದರ ಹಿಡಿತ ಇದ್ದದ್ದು ಬೀಜದ ಮೇಲೆ. ಬೀಜ ಜೇಬಿನಲ್ಲಿ ಹೋಗುತ್ತದೆ. ಡಚ್ಚರು ಜಾವಾದಲ್ಲಿ ಬೆಳೆದರು, 1711ರಲ್ಲಿ ಜಾವಾ ಕಾಫಿ ಆ್ಯಮ್‌ಸ್ಟರ್‌ಡ್ಯಾಮ್ ಹರಾಜಿಗೆ ಬಂತು. 1839ರಲ್ಲಿ ಬ್ರಿಟಿಷರು ಏಡನ್ ಹಿಡಿದರು, ಉಳಿದ ವ್ಯಾಪಾರವೂ ಆ ಬಂದರಿಗೆ ಸರಿಯಿತು.

ಮೋಕಾದ ಹತ್ತಿರ ಕಾಫಿ ಇತ್ತು, ಲಂಡನ್ ಹತ್ತಿರ ಕಾಫಿಯ ಅಳತೆಗೋಲು ಇದೆ. ಗಿಡವನ್ನು ಕದ್ದು ಬೇರೆ ಕಡೆ ನೆಡಬಹುದು. ಮುನ್ನೂರು ವರ್ಷದ ತೀರ್ಪುಗಳು, ಕರಾರುಗಳು, 'ಇವರು ಲೆಕ್ಕ ತಪ್ಪಿಸುವುದಿಲ್ಲ' ಅನ್ನುವ ರೂಢಿ, ಇವನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಲಾಗುವುದಿಲ್ಲ. ಕಾಫಿ ಬೆಳೆಯುವ ಮತ್ತು ಕುಡಿಯುವ ದೇಶಗಳು ಸೇರಿ 1963ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಕಟ್ಟಿದಾಗಲೂ ಕಚೇರಿ ಮಾಡಿದ್ದು ಲಂಡನ್ನಿನಲ್ಲೇ. ಯಾವ ದೇಶ ಎಷ್ಟು ರಫ್ತು ಮಾಡಬಹುದು ಎಂಬ ಕೋಟಾ ಅಲ್ಲೇ ನಿಗದಿಯಾಗುತ್ತಿತ್ತು. 1989ರ ಜುಲೈಯಲ್ಲಿ ಆ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. ನಾನು ಹುಟ್ಟಿದ ವರ್ಷ ಅದು.

ಕಾಳಜಿಕೋಡ್ (ಬೆಂಗಳೂರು)

ಬೆಂಗಳೂರಿನ ಮಾತು ಇನ್ನೂ ಬರಲಿಲ್ಲ! ಒಂದು ಕಾಲದಲ್ಲಿ ಅಮೆರಿಕದವರು ಕೆಲಸ ಹೋಗುವುದಕ್ಕೇ ನಮ್ಮ ಊರಿನ ಹೆಸರನ್ನು ಕ್ರಿಯಾಪದ ಮಾಡಿಕೊಂಡಿದ್ದರು. ಅವರ ಬ್ಯಾಂಕು, ವಿಮಾನ, ಆಸ್ಪತ್ರೆಗಳ ಸಾಫ್ಟ್‌ವೇರ್ ಇಲ್ಲಿ ನಡೆಯುತ್ತದೆ. ನಾವು ಒಂದು ದಿನ ಕೆಲಸ ನಿಲ್ಲಿಸಿದರೆ ಲಂಡನ್ ಕೂಡ ನಿಲ್ಲುತ್ತದೆ. ಇದು ಪ್ರಭಾವ ಅಲ್ಲವೇ?

ಗಿರಣಿಚಾಳ

ಅಣ್ಣಾರ, ನಮ್ಮ ಗಿರಣಿ ನಿಂತಾಗ ಲಿವರ್‌ಪೂಲ್ ನಿಲ್ಲಲಿಲ್ಲ. ಕೊಳ್ಳೋರು ಬ್ಯಾರೆ ಕಡಿಂದ ತರಿಸಿದ್ರು. ದುಡಿಯೋರ ಬೇಕಾಗಿರ್ತಾರ ಖರೆ. ಏನ್ ನೇಯಬೇಕು, ಯಾವ ದರಕ್ಕ ಅಂತ ಯಾರ್ ಹೇಳ್ತಾರ ಅನ್ನೂದು ಪ್ರಶ್ನೆ.

ಕಾಳಜಿಕೋಡ್

ಈ ಮಾತು ನಾಟಿತು. ನಾನೂ ಹತ್ತು ವರ್ಷ ಬೇರೆಯವರು ಬರೆದ ನಕ್ಷೆಗೆ ಗೋಡೆ ಎಬ್ಬಿಸಿದವನೇ. ಆದರೂ ಒಂದು ವಿಷಯ ಹೇಳಲೇಬೇಕು. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರಿನಲ್ಲಿ 2018ರಲ್ಲಿ ಮೋಸಿಪ್ ಅನ್ನುವ ಯೋಜನೆ ಶುರುವಾಯಿತು. ದೇಶವೊಂದು ತನ್ನ ಜನರಿಗೆ ಗುರುತಿನ ಸಂಖ್ಯೆ ಕೊಡಲು ಬೇಕಾದ ತಂತ್ರಾಂಶ. ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ವ್ಯವಸ್ಥೆಯನ್ನು ಇದರ ಮೇಲೆ ಕಟ್ಟಿದೆ, ಮೊರಾಕೊ, ಇಥಿಯೋಪಿಯಾ ಕೂಡ. ಮನಿಲಾದ ತರಕಾರಿ ಮಾರುವವಳೊಬ್ಬಳ ಬೆರಳಚ್ಚು ಯಾವ ಕ್ರಮದಲ್ಲಿ ದಾಖಲಾಗಬೇಕು ಎಂಬುದರ ಮೂಲ ವಿನ್ಯಾಸ ಬೆಂಗಳೂರಿನಲ್ಲಿ ಆಯಿತು. ಆಕೆಗೆ ಬೆಂಗಳೂರು ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ಕಣದಮನೆಯವರ ಅಳತೆಗೆ ಇದು ಹೊಂದುತ್ತದೆ ಎಂದು ನನ್ನ ಅನಿಸಿಕೆ.

ಪಂಚಾಂಗದಮನೆ

ಹೊಂದುತ್ತದೆ. ನಾವಿಕರ ಪಂಚಾಂಗದ ಗುಣ ಅದರಲ್ಲಿದೆ, ಯಾರು ಬೇಕಾದರೂ ಬಳಸಬಹುದು. ಆದರೆ 1767ರಿಂದ 1884ಕ್ಕೆ 117 ವರ್ಷ, ಆ ಪಂಚಾಂಗ ಒಂದು ವರ್ಷವೂ ತಪ್ಪದೆ ಬಂತು. ಹಾಗೆ ಕೂತು ಮಾಡುವ ಸಂಸ್ಥೆಗಳನ್ನು ನಾವು ಸಾಕುತ್ತೇವೆಯೇ?

ಬೆಟ್ಟದಬುಡ (ಸೋಮವಾರಪೇಟೆ)

ಲಂಡನ್ ಲಂಡನ್ ಅನ್ನುತ್ತಿದ್ದೀರಿ, ಈಗ ನಮಗೆ ನಿದ್ದೆ ಕೆಡಿಸಿರುವುದು ಬ್ರಸೆಲ್ಸ್. ಅಲ್ಲಿಂದ ಆಡಳಿತ ನಡೆಸುವ ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. ಜಾರಿ ಮುಂದಕ್ಕೆ ಹೋಗಿದೆ, ಆದರೆ ತಯಾರಿ ಈಗಲೇ ಮಾಡಬೇಕು. ಪ್ರತಿ ತೋಟದ ಅಕ್ಷಾಂಶ-ರೇಖಾಂಶ ಕೊಡಬೇಕು, 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿ ಸುತ್ತಿ ನಕ್ಷೆ ಮಾಡಿಕೊಡಬೇಕು. ನಮ್ಮ ಭಾರತದ ಕಾಫಿಯಲ್ಲಿ ದೊಡ್ಡ ಪಾಲು ಹೋಗುವುದೇ ಯುರೋಪಿಗೆ, ಬೇಡ ಅನ್ನಲು ಆಗುವುದಿಲ್ಲ.

ನನ್ನದು ಮೂರೂವರೆ ಎಕರೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ಚಿಕ್ಕಪ್ಪಂದಿರ ಜೊತೆ ಪಾಲು ಆಗಿಲ್ಲ. ತೋಟದಲ್ಲಿ ತಾತನ ಕಾಲದ ನಂದಿ, ಹಲಸು, ಅತ್ತಿ ಮರಗಳು ಹಾಗೇ ನಿಂತಿವೆ, ಮಂಗಟ್ಟೆ ಹಕ್ಕಿ ಗೂಡು ಕಟ್ಟುತ್ತದೆ. ಕಾಡು ಕಡಿಯದ ನಾವು ಕಾಡು ಕಡಿದಿಲ್ಲ ಎಂದು ಕಾಗದದಲ್ಲಿ ತೋರಿಸಬೇಕು. ಕಾನೂನಿನ ಉದ್ದೇಶ ಒಳ್ಳೆಯದೇ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆ ನಿಯಮ ಬರೆಯುವಾಗ ನನ್ನಂಥವನೊಬ್ಬ ಆ ಕೋಣೆಯಲ್ಲಿ ಇದ್ದಿದ್ದರೆ ಜಂಟಿ ಖಾತೆಯ ಪಹಣಿ ಅಂದರೆ ಏನು ಎಂದು ಹೇಳುತ್ತಿದ್ದ. ಬ್ರಸೆಲ್ಸಿಗೆ ಸೈನ್ಯ ಇಲ್ಲ, ನಾಲ್ಕನೇ ಬ್ಲಾಕಿನವರೇ. 45 ಕೋಟಿ ಜನರ ಮಾರುಕಟ್ಟೆಯ ಬಾಗಿಲ ಬೀಗದ ಕೈ ಇದೆ. ಐಫೋನಿನವರೂ 2023ರಲ್ಲಿ ಚಾರ್ಜರ್ ತೂತು ಬದಲಿಸಿದ್ದು ಆ ಬೀಗದ ಕೈಗೆ ಅಂಜಿಯೇ.

ನಾಲ್ಕನೇಬ್ಲಾಕ್

ಒಪ್ಪಿದೆ. ಸೈನ್ಯ, ದುಡ್ಡು ಅಷ್ಟೇ ಅಂದಿದ್ದು ಅವಸರ ಆಯಿತು. ಆದರೆ ಇನ್ನೊಂದು ಅನುಮಾನ. ಲಂಡನ್ ಸಾಮ್ರಾಜ್ಯ ಹೋದ ಮೇಲೂ ಹೇಗೆ ಉಳಿಯಿತು? ಮೋಕಾದಂತೆ, ಉಜ್ಜಯಿನಿಯಂತೆ ಯಾಕೆ ಆಗಲಿಲ್ಲ?

ಥೇಮ್ಸ್‌ದಂಡೆ

ಬಾಗಿಲು ತೆರೆದಿಟ್ಟಿದ್ದಕ್ಕೆ, ನಂತರ ಗಡಿಯಾರದ ಅನುಕೂಲಕ್ಕೆ. 1957ರಲ್ಲಿ ಪೌಂಡಿಗೆ ಪೆಟ್ಟು ಬಿದ್ದು, ಪರದೇಶದ ವ್ಯಾಪಾರಕ್ಕೆ ಪೌಂಡ್ ಸಾಲ ಕೊಡಬಾರದು ಎಂದು ಸರ್ಕಾರ ಕಟ್ಟುಹಾಕಿತು. ಇಲ್ಲಿಯ ಬ್ಯಾಂಕುಗಳು ಪೌಂಡ್ ಬಿಟ್ಟು ಡಾಲರಿನಲ್ಲೇ ಸಾಲ ಕೊಡಲು ಶುರುಮಾಡಿದವು. ಸೋವಿಯತ್ ಬ್ಯಾಂಕು ಕೂಡ ಅಮೆರಿಕದಲ್ಲಿ ಇಡಲು ಹೆದರಿ ತನ್ನ ಡಾಲರ್ ಇಲ್ಲಿ ಇಟ್ಟಿತು. 1963ರಲ್ಲಿ ಇಟಲಿಯ ಹೆದ್ದಾರಿ ಕಂಪನಿಗಾಗಿ 15 ದಶಲಕ್ಷ ಡಾಲರ್ ಸಾಲಪತ್ರ ಲಂಡನ್ನಿನಲ್ಲಿ ಹೊರಟಿತು. ತನ್ನದಲ್ಲದ ನಾಣ್ಯ, ತನ್ನದಲ್ಲದ ಸಾಲಗಾರ, ನಡೆಸಿಕೊಡುವ ಕೆಲಸ ಮಾತ್ರ ಲಂಡನ್ನಿನದು. ಬೆಳಿಗ್ಗೆ ಏಷ್ಯಾ ಇನ್ನೂ ಎದ್ದಿರುತ್ತದೆ, ಮಧ್ಯಾಹ್ನಕ್ಕೆ ನ್ಯೂಯಾರ್ಕ್ ಏಳುತ್ತದೆ. 2022ರ ಸಮೀಕ್ಷೆಯಲ್ಲಿ ಪ್ರಪಂಚದ ವಿದೇಶಿ ವಿನಿಮಯದ 38 ಶೇಕಡಾ ಬ್ರಿಟನ್ನಿನಲ್ಲೇ ನಡೆದಿದೆ, ಅಂದರೆ ಬಹುಪಾಲು ಈ ಊರಿನಲ್ಲೇ. 2019ರಲ್ಲಂತೂ ನಮ್ಮ ರೂಪಾಯಿಯ ವಹಿವಾಟೇ ಭಾರತಕ್ಕಿಂತ ಇಲ್ಲಿ ಹೆಚ್ಚಾಗಿತ್ತು. ಅದೇ ವರ್ಷ ರಿಸರ್ವ್ ಬ್ಯಾಂಕು ಸಮಿತಿ ಮಾಡಿತು, 2020ರಿಂದ ನಮ್ಮ ಬ್ಯಾಂಕುಗಳಿಗೂ ಆ ವ್ಯವಹಾರಕ್ಕೆ ಇಳಿಯಲು ಬಿಟ್ಟಿತು.

ಕಣದಮನೆ

ಅಪ್ಪ ಈ ಎಲ್ಲವನ್ನೂ ನನ್ನಿಂದ ಓದಿಸಿಕೊಂಡು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ: "ಆ 10 ಟನ್ನಿನ ಕರಾರಿನಲ್ಲಿ ಕಪ್ಪು ಕಾಳಿಗೆ ಕಡಿತ ಇದೆ ಅಂದರಲ್ಲ. ನೆರಳಿನ ಮರಕ್ಕೆ, ಕೈಯಲ್ಲಿ ಹಣ್ಣು ಮಾತ್ರ ಆರಿಸಿ ಕುಯ್ದಿದ್ದಕ್ಕೆ, ತಿರುಳು ತೆಗೆದು, ತೊಳೆದು, ಒಳಸಿಪ್ಪೆ ಸಮೇತ ಒಣಗಿಸಿ ಪಾರ್ಚ್‌ಮೆಂಟ್ ಮಾಡಿದ್ದಕ್ಕೆ ಅದರಲ್ಲಿ ಜಾಗ ಇದೆಯಾ?"

ಥೇಮ್ಸ್‌ದಂಡೆ

ಇಲ್ಲ. ಆ ಅಳತೆಗೋಲು ದೋಷ ಎಣಿಸುತ್ತದೆ, ಗುಣ ಎಣಿಸುವುದಿಲ್ಲ. ಎಲ್ಲರಿಗೂ ಒಂದೇ ಆಗಬೇಕಾದ ಅಳತೆ ಹಾಗೇ ಇರುತ್ತದೆ. ಗುಣ ಇರುವ ಜಾಗ ಬೇರೆ, ಪ್ರೀಮಿಯಂನಲ್ಲಿ, ಅಂದರೆ ಟರ್ಮಿನಲ್ ಬೆಲೆಯ ಮೇಲೆ ಸಿಗುವ ಹೆಚ್ಚುವರಿ ದುಡ್ಡಿನಲ್ಲಿ. ಭಾರತದ ರೋಬಸ್ಟಾ ಲಂಡನ್ ಬೆಲೆಗಿಂತ ಮೇಲೆ ಹೋಗುವುದು ಅದಕ್ಕೇ, ತೊಳೆದ ಪಾರ್ಚ್‌ಮೆಂಟಿಗೆ ಇನ್ನೂ ಮೇಲೆ. ಟರ್ಮಿನಲ್ ಅಂಕಿಯನ್ನು ನಿಮ್ಮ ತಂದೆಯವರು ಬದಲಿಸಲಾರರು. ಆದರೆ ಆ ಪ್ರೀಮಿಯಂ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಮಾತಾಗಿ ಬರುವುದು. ಲಂಡನ್ ಎಷ್ಟು ಎಂದು ಕೇಳುವ ಹಾಗೆಯೇ ಪ್ರೀಮಿಯಂ ಎಷ್ಟು ಹೋಯಿತು ಎಂದು ಕೇಳುತ್ತಾರಾ, ದಯವಿಟ್ಟು ತಿಳಿಸಿ.

ಕಣದಮನೆ

ಕೇಳಿದೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲವಂತೆ, ವ್ಯಾಪಾರಿ ಹೇಳಿದ ಮೂಟೆ ರೇಟಿಗೇ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಕ್ಯೂರಿಂಗ್ ವರ್ಕ್ಸಿಗೆ (ಬೀಜದ ಸಿಪ್ಪೆ ಬಿಡಿಸಿ ದರ್ಜೆ ಮಾಡುವ ಕಾರ್ಖಾನೆ) ಹೋಗುತ್ತಾರಂತೆ, ಈ ಸಲದ ಪಾರ್ಚ್‌ಮೆಂಟಿನ ಸ್ಯಾಂಪಲ್ ಎರಡು ಕೆಜಿ ಕಟ್ಟಿಟ್ಟಿದ್ದಾರೆ. ಅಕ್ಕನ ಮಗನೂ ಜೊತೆಗೆ ಹೋಗುತ್ತಾನೆ. ಅಲ್ಲಿ ಏನಂದರು ಅಂತ ಬಂದು ಬರೆಯುತ್ತೇನೆ.